ಮಾತಾಡಿದವರ ಹೆಸರು

ಅಥವಾ ಒಂಬತ್ತೇ ಇದ್ದವೋ ಏನೋ. ಹನ್ನೊಂದು ಎಂದು ನಾನು ಹೇಳುತ್ತ ಬಂದಿದ್ದೇನೆ, ಸ್ಟಾಫ್ ರೂಮಿನಲ್ಲಿ ಒಮ್ಮೆ ಹದಿಮೂರಕ್ಕೂ ಏರಿಸಿದ್ದೇನೆ. ಆದರೆ ಅವತ್ತು ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳುವಾಗ ಒಂಬತ್ತು ಎಂದಿದ್ದೆನಂತೆ. ಗೀತಾಳ ಜ್ಞಾಪಕಶಕ್ತಿ ನನ್ನದಕ್ಕಿಂತ ಚೆನ್ನಾಗಿದೆ, ಅದರಲ್ಲೂ ನನಗೆ ಅವಮಾನವಾದ ಸಂಗತಿಗಳ ವಿಷಯದಲ್ಲಿ. ಹಾಗಾಗಿ ಇಲ್ಲಿ ಬರುವ ಯಾವ ಸಂಖ್ಯೆಯನ್ನೂ ನೀವು ನಂಬಬೇಕಾಗಿಲ್ಲ. ಎಂಟನೇ ಕ್ಲಾಸ್ ಸಿ ಸೆಕ್ಷನ್ನಿನ ಬೋರ್ಡಿನ ಮೇಲೆ, 'ಮಾತಾಡಿದವರು' ಎಂಬ ತಲೆಬರಹದ ಕೆಳಗೆ, ಅವರ ಮೇಷ್ಟ್ರಾದ ನನ್ನ ಹೆಸರು ಇದ್ದದ್ದು ನಿಜ. ಅದರ ಮುಂದೆ ಸಾಲಾಗಿ ಇಂಟು ಗುರುತುಗಳಿದ್ದದ್ದೂ ನಿಜ. ಉಳಿದದ್ದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ನೆನಪಿರುವುದು ನಡೆದದ್ದಲ್ಲ, ಹೋದ ಸಲ ಹೇಳಿದ್ದು.

ಮೂವತ್ತನಾಲ್ಕನೇ ವಯಸ್ಸಿನಲ್ಲಿ ಮೇಷ್ಟ್ರಾದವನನ್ನು ಯಾರೂ ಹೊಸಬ ಎಂದು ಗುರುತಿಸುವುದಿಲ್ಲ. ಕೂದಲು ಹಿಂದೆ ಸರಿದಿರುವುದನ್ನು ನೋಡಿ ಬಹಳ ವರ್ಷದ ಅನುಭವ ಎಂದುಕೊಳ್ಳುತ್ತಾರೆ. ನಾನು ಹಾವೇರಿ ಕಡೆಯವನು. ಕನ್ನಡ ಎಂ.ಎ. ಮಾಡಿಕೊಂಡು ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟಿನ ಒಂದು ಕಸ್ಟಮರ್ ಕೇರ್ ಆಫೀಸಿನಲ್ಲಿ ಆರು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನಾನು ಮಾಡದ ತಪ್ಪಿಗೆ ನಾನು ನೋಡದ ಜನರಿಂದ ಬೈಸಿಕೊಂಡೆ. ಕಡೆಗೆ ಸಾಕಾಗಿ ಬಿ.ಎಡ್. ಮುಗಿಸಿ ಅರೆಕೆರೆಯ ಒಂದು ಖಾಸಗಿ ಶಾಲೆಗೆ ಸೇರಿದೆ. ಮಕ್ಕಳು ದೇವರಿದ್ದಂತೆ ಎಂದು ಬಿ.ಎಡ್.ನಲ್ಲಿ ಹೇಳಿಕೊಟ್ಟಿದ್ದರು. ನಲವತ್ತೊಂದು ದೇವರು ಒಂದೇ ಕೋಣೆಯಲ್ಲಿದ್ದರೆ ಪೂಜಾರಿ ಏನು ಮಾಡಬೇಕು ಎಂದು ಹೇಳಿಕೊಟ್ಟಿರಲಿಲ್ಲ. ಹಳೇ ಕೆಲಸದಲ್ಲಿ ಒಂದು ಸುಖವಿತ್ತು: ಬೈಯುವವರನ್ನು ಹೋಲ್ಡಿನಲ್ಲಿಟ್ಟು, ಅವರಿಗೆ ಸಂಗೀತ ಹಾಕಿ, ನಾವು ನೀರು ಕುಡಿಯಬಹುದಿತ್ತು. ಎಂಟನೇ ಸಿ ಗೆ ಹೋಲ್ಡ್ ಬಟನ್ ಇರಲಿಲ್ಲ. ಸಂಗೀತ ಮಾತ್ರ ಇತ್ತು, ಅದನ್ನು ಅವರೇ ಹಾಕುತ್ತಿದ್ದರು. ತುಟಿ ಮುಚ್ಚಿಕೊಂಡೇ 'ಮ್ಮ್ಮ್' ಎಂದು ಇಡೀ ಕ್ಲಾಸು ಗುಂಯ್‌ಗುಡುವುದು. ನಾನು ಎಡಕ್ಕೆ ನಡೆದರೆ ಶಬ್ದ ಬಲಕ್ಕೆ ಹೋಗುತ್ತಿತ್ತು, ಬಲಕ್ಕೆ ನಡೆದರೆ ಎಡಕ್ಕೆ. ನಡುವೆ ನಿಂತರೆ ಎಲ್ಲರೂ ನನ್ನನ್ನೇ, ಪಾಪ ಏನಾಯಿತು ಇವರಿಗೆ ಎಂಬಂತೆ ನೋಡುತ್ತಿದ್ದರು.

ಸಿಟ್ಟು ಬಂದರೆ ನನ್ನ ಬಾಯಿಂದ ಊರಿನ ಮಾತು ಬರುತ್ತದೆ. ಮೊದಲ ವಾರವೇ "ಏ, ಸುಮ್ನ ಕುಂದರ್ರಿಪಾ!" ಎಂದುಬಿಟ್ಟೆ. ಕ್ಲಾಸು ಒಂದು ಕ್ಷಣ ಸ್ತಬ್ಧವಾಯಿತು. ಗೆದ್ದೆ ಎಂದುಕೊಂಡೆ. ಆಮೇಲೆ ಎರಡು ತಿಂಗಳು ಕಾರಿಡಾರಿನಲ್ಲಿ, ಸ್ಕೂಲ್ ಬಸ್ಸಿನಲ್ಲಿ, ಕಡೆಗೆ ಟಾಯ್ಲೆಟ್ಟಿನ ಗೋಡೆಯಾಚೆಯಿಂದಲೂ ಆ ಮಾತು ನನಗೆ ವಾಪಸ್ ಬರುತ್ತಿತ್ತು, ನನಗಿಂತ ಒಳ್ಳೆಯ ಉಚ್ಚಾರಣೆಯಲ್ಲಿ. ಇದರ ಸೂತ್ರಧಾರ ನಿಶಾಂತ್, ಕೊನೆಯ ಬೆಂಚಿನವನು. ಕೆಟ್ಟ ಹುಡುಗನಲ್ಲ. ದೇವರು ಅವನ ಬಾಯಿಗೆ ಸ್ವಿಚ್ ಇಡುವುದನ್ನು ಮರೆತಿದ್ದ, ಅಷ್ಟೇ. ಪಾಠ ಒಂದು ಹದಕ್ಕೆ ಬಂತು ಎನ್ನುವಾಗ ಸರಿಯಾಗಿ ಕೈ ಎತ್ತುತ್ತಿದ್ದ. "ಸಾರ್, ಒಂದ್ ಡೌಟು. ನಿಮ್ಮೂರಲ್ಲಿ ಡೈಲಿ ರೊಟ್ಟಿನೇನಾ ಸಾರ್?" ನಾನು ಸಂಭಾವಿತ. ಕೇಳಿದ್ದಕ್ಕೆ ಉತ್ತರಿಸುವುದು ನನ್ನ ಆರು ವರ್ಷದ ಕಸುಬು. ಜೋಳದ ರೊಟ್ಟಿಯಿಂದ ಹೊರಟು ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ದಾಟಿ ನಮ್ಮಜ್ಜಿಯ ಒಲೆಯ ಹತ್ತಿರ ಬರುವಷ್ಟರಲ್ಲಿ ಬೆಲ್ ಹೊಡೆಯುತ್ತಿತ್ತು. "ಥ್ಯಾಂಕ್ಸ್ ಸಾರ್, ಸಖತ್ ಪಾಠ" ಎನ್ನುತ್ತಿದ್ದ ನಿಶಾಂತ್.

ನಮ್ಮ ಮನೆಯ ಓನರ್ ಮುನಿರಾಜಣ್ಣನವರ ಹತ್ತಿರ ಒಂದು ದಿನ ಈ ಸಂಕಟ ಹೇಳಿಕೊಂಡೆ. ಬಿಟಿಎಂ ಇನ್ನೂ ಹೊಲವಾಗಿದ್ದಾಗ ಅಲ್ಲಿ ರಾಗಿ ಬೆಳೆದ ಮನೆತನ ಅವರದು. ನಮ್ಮ ಬಾತ್‌ರೂಮ್ ಇರುವ ಕಡೆ ಅವರ ಕೊಟ್ಟಿಗೆ ಇತ್ತಂತೆ. ಎಲ್ಲ ಕೇಳಿಸಿಕೊಂಡು, "ಸಾರ್, ಹಸ ಒದೀತು ಅಂತ ಹಾಲು ಕರೆಯೋದು ಬಿಡ್ತಾರಾ? ಹಿಂಗಾಲು ಕಟ್ಟಿ ಕರೀತಾರೆ" ಎಂದರು. "ನಲವತ್ತೊಂದು ಹಸ ಇದಾವಲ್ರೀ" ಎಂದೆ. ಅವರು "ಹಂಗಿದ್ರೆ ಡೈರಿಯವರನ್ನೇ ಕೇಳಿ" ಎಂದು ಒಳಗೆ ಹೋದರು.

ಆದರೂ ಕಾಲು ಕಟ್ಟುವ ವಿಚಾರ ತಲೆಯಲ್ಲಿ ಉಳಿಯಿತು. ನನಗೆ ಗೊತ್ತಿದ್ದ ಹಗ್ಗ ಒಂದೇ: ನಾನು ಓದಿದ ಶಾಲೆಯಲ್ಲಿ ಇದ್ದದ್ದು, ನೀವು ಓದಿದ ಶಾಲೆಯಲ್ಲೂ ಇದ್ದದ್ದು. ಕ್ಲಾಸ್ ಲೀಡರ್ ಬೋರ್ಡಿನ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುವುದು, ಮತ್ತೆ ಮಾತಾಡಿದರೆ ಮುಂದೆ ಒಂದೊಂದು ಇಂಟು ಹಾಕುವುದು. ನಮ್ಮ ಕಾಲದಲ್ಲಿ ಇದು ಪೂರ್ತಿ ಭ್ರಷ್ಟ ವ್ಯವಸ್ಥೆಯಾಗಿತ್ತು. ಒಂದು ಪೇರಲ ಹಣ್ಣು ಕೊಟ್ಟರೆ ಎರಡು ಇಂಟು ಅಳಿಸಿಹೋಗುತ್ತಿತ್ತು. ಎಂಟನೇ ಸಿ ಲೀಡರ್ ತನ್ಮಯಿ ಹಾಗಲ್ಲ. ಎರಡು ಜಡೆ, ದಪ್ಪ ಕನ್ನಡಕ, ನ್ಯಾಯಾಧೀಶರಿಗೆ ಇರಬೇಕಾದ ಮುಖ. ಮೊದಲ ದಿನವೇ ಅವಳ ಕೈಯಿಂದ ಚಾಕ್‌ಪೀಸ್ ಜಾರಿ ಬಿದ್ದು "ಅಯ್ಯೋ" ಎಂದವಳು, ಬಗ್ಗಿ ಅದನ್ನು ಎತ್ತಿಕೊಂಡು ತನ್ನ ಹೆಸರನ್ನೇ ಬೋರ್ಡಿನಲ್ಲಿ ಬರೆದಳು. ಅದನ್ನು ನೋಡಿ ನನಗೆ ಹೆಮ್ಮೆಯಾಯಿತು. ಹೆದರಿಕೆ ಆಗಬೇಕಿತ್ತು. "ಪಾಠಕ್ಕೆ ಸಂಬಂಧ ಇಲ್ಲದ ಮಾತು ಯಾರು ಆಡಿದ್ರೂ ಬರಿ. ಮುಖ ನೋಡಬೇಡ. ಯಾರನ್ನೂ ಬಿಡಬೇಡ" ಎಂದು ಹೇಳಿದೆ. ಐದು ಇಂಟು ದಾಟಿದವರು ಮಾರನೇ ದಿನದ ಪೀರಿಯಡ್ ಪೂರ್ತಿ ಹಿಂದೆ ಗೋಡೆಗೆ ನಿಲ್ಲಬೇಕೆಂದು ರೂಲ್ ಆಯಿತು. ಮುಂದಿನ ಮೂರು ವಾರಗಳಲ್ಲಿ ಹಿಂದಿನ ಗೋಡೆ ಯಾವತ್ತೂ ಖಾಲಿ ಇರಲಿಲ್ಲ, ಗಲಾಟೆಯೂ ಕಡಿಮೆಯಾಗಲಿಲ್ಲ. ಕೂತು ಮಾತಾಡುತ್ತಿದ್ದವರು ನಿಂತು ಮಾತಾಡತೊಡಗಿದರು.

ಅಷ್ಟರಲ್ಲಿ ನನ್ನ ಪ್ರೊಬೇಷನ್ ಮುಗಿಯುತ್ತ ಬಂತು. ನಮ್ಮ ಶಾಲೆಯಲ್ಲಿ ಆರು ತಿಂಗಳಾದ ಮೇಲೆ ಕೋಆರ್ಡಿನೇಟರ್ ಸರೋಜಾ ಮೇಡಂ ಒಂದು ಪೀರಿಯಡ್ ಕೊನೆಯ ಬೆಂಚಿನಲ್ಲಿ ಕೂತು ಪಾಠ ನೋಡಿ, ಒಂದು ಫಾರಂ ತುಂಬುತ್ತಾರೆ. ಆ ಫಾರಂ ಚೆನ್ನಾಗಿ ಬಂದರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಹೆಡ್‌ಫೋನು. ಹಳೇ ಆಫೀಸಿನ ಟೀಮ್ ಲೀಡರ್ ಆಗಲೇ ಮೆಸೇಜ್ ಮಾಡಿದ್ದ: "ಸೀಟ್ ಖಾಲಿ ಇದೆ ಗುರು, ಬರ್ತೀಯಾ?" ನಾನು ಇಲ್ಲ ಎಂದೂ ಬರೆದಿರಲಿಲ್ಲ, ಹೂಂ ಎಂದೂ ಬರೆದಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ ಆ ಮೆಸೇಜ್ ತೆರೆದು ನೋಡಿ, ಶಾಲೆಗೆ ಹೊರಡುತ್ತಿದ್ದೆ.

ಮೇಡಂ ಬರುವ ಹಿಂದಿನ ದಿನ ನಾನು ಮಾಡಿದ ತಪ್ಪನ್ನು ಯಾವ ಅನುಭವಸ್ಥ ಮೇಷ್ಟ್ರೂ ಮಾಡುವುದಿಲ್ಲ. ಮಕ್ಕಳಿಗೆ ನಿಜ ಹೇಳಿದೆ. "ನಾಳೆ ಸರೋಜಾ ಮೇಡಂ ಬರ್ತಾರೆ. ನನ್ನ ಕೆಲಸದ ಪ್ರಶ್ನೆ. ಒಂದು ದಿನ, ಒಂದೇ ದಿನ…"

"ಸಾರ್, ಅಂದ್ರೆ ನಿಮ್ಗೂ ಎಕ್ಸಾಮಾ?" ನಿಶಾಂತ್ ಕೇಳಿದ.

"ಹೂಂ ಅಂತ ಇಟ್ಕೋ."

"ಫೇಲಾದ್ರೆ?"

"ಹಳೇ ಕೆಲಸಕ್ಕೆ ಹೋಗ್ತೀನಿ."

"ಮಗಾ, ಸಾರ್ ಲೈಫು ನಮ್ ಕೈಯಲ್ಲಿದೆ" ಎಂದ ಪಕ್ಕದವನಿಗೆ, ಸಾಕಷ್ಟು ಗಟ್ಟಿಯಾಗಿ. ಯಾರೂ ನಗಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟವನ್ನು ನಾನು ಆಮೇಲೆ ಬಹಳ ಸಲ ನೆನಪು ಮಾಡಿಕೊಂಡಿದ್ದೇನೆ. ಬೇಸರವಿದ್ದ ದಿನ ಅದರಲ್ಲಿ ಕುತಂತ್ರ ಕಾಣುತ್ತದೆ, ಊಟ ಚೆನ್ನಾಗಿದ್ದ ದಿನ ಕನಿಕರ ಕಾಣುತ್ತದೆ.

ಮಾರನೇ ದಿನ ಸರೋಜಾ ಮೇಡಂ ಫಾರಂ ಹಿಡಿದುಕೊಂಡು ಬಂದು ನಿಶಾಂತನ ಪಕ್ಕದಲ್ಲೇ ಕೂತರು. ಪಾಠ: ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ. ಇದರಲ್ಲಿ ಕೈಕೊಡುವಂಥದ್ದು ಏನೂ ಇಲ್ಲವೆಂದೇ ಆರಿಸಿಕೊಂಡಿದ್ದೆ. "ಪತ್ರದಲ್ಲಿ ಮೊದಲು ಏನು ಬರೀಬೇಕು?" ಎಂದು ಕೇಳಿದೆ. ಸದ್ದಿಲ್ಲ. "ಯಾರಾದ್ರೂ ಹೇಳಿ." ನಲವತ್ತೊಂದು ಜನ ಕೈಕಟ್ಟಿ ಕೂತಿದ್ದರು. 'ಮ್ಮ್ಮ್' ಇಲ್ಲ, ಕಂಪಾಸ್ ಬಾಕ್ಸ್ ಬೀಳಲಿಲ್ಲ, ಯಾರಿಗೂ ನೀರು ಕುಡಿಯಬೇಕಾಗಿರಲಿಲ್ಲ. ಆರು ತಿಂಗಳು ನಾನು ಬೇಡಿಕೊಂಡಿದ್ದ ಮೌನ ಒಟ್ಟಿಗೇ ಬಂದು ನನ್ನೆದುರು ಕೂತಿತ್ತು. ಅದನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಗಲಾಟೆಯಲ್ಲಿ ಪಾಠ ಮಾಡಿ ರೂಢಿಯಾದವನಿಗೆ ಮೌನದಲ್ಲಿ ತನ್ನ ದನಿಯೇ ಕೇಳಿಸಿ ಗಾಬರಿಯಾಗುತ್ತದೆ. ಅದನ್ನು ತುಂಬಿಸಲು ಮಾತಾಡತೊಡಗಿದೆ. ರಜಾ ಅರ್ಜಿಯಿಂದ ನಮ್ಮೂರ ಹೆಡ್ ಮಾಸ್ತರರಿಗೆ ಹೋದೆ, ಅವರ ಸೈಕಲ್ಲಿಗೆ ಹೋದೆ, ಒಂದೇ ವರ್ಷದಲ್ಲಿ ಒಬ್ಬಳೇ ಅಜ್ಜಿಯನ್ನು ನಾಲ್ಕು ಅರ್ಜಿಗಳಲ್ಲಿ ಸಾಯಿಸಿದ ನನ್ನ ಗೆಳೆಯನ ಹತ್ತಿರ ಹೋದೆ. ಹಿಂದೆ ಬೋರ್ಡಿನ ಮೇಲೆ ಚಾಕ್‌ಪೀಸಿನ ಸದ್ದು ಕೇಳಿಸಿತು. ತನ್ಮಯಿ ಎದ್ದು ಹೋಗಿ ಏನೋ ಬರೆದು ಬಂದು ಕೂತಳು. ಯಾರೋ ಪಿಸುಗುಟ್ಟಿರಬೇಕು, ನಿಶಾಂತನೇ ಇರಬೇಕು ಎಂದುಕೊಂಡು, ತಿರುಗಿಯೂ ನೋಡದೆ "ಶಭಾಷ್ ತನ್ಮಯಿ" ಎಂದೆ. ಮೇಡಂ ಕೂಡ ನೋಡಲಿ, ನನ್ನ ಕ್ಲಾಸಿನಲ್ಲಿ ಎಂಥ ಶಿಸ್ತು! ಕಸ್ಟಮರ್ ಕೇರ್ ವಿಷಯ ಬಂದಾಗ ಮತ್ತೆ ಚಾಕ್‌ಪೀಸ್ ಸದ್ದು. ರೊಟ್ಟಿಯ ವಿಷಯ ಬಂದಾಗ ಎರಡು ಸಲ. ಆಮೇಲೆ ನಾನು ಎಣಿಸಲಿಲ್ಲ. ಪಾಪ, ಈ ಹುಡುಗ ಎಷ್ಟು ಇಂಟು ತಗೋತಾನೆ ಎಂದು ನಿಶಾಂತನ ಮೇಲೆ ಮರುಕವೂ ಹುಟ್ಟಿತು. ಅವನು ಯಾವತ್ತೂ ಇಲ್ಲದಷ್ಟು ನೆಟ್ಟಗೆ ಕೂತು ನನ್ನನ್ನೇ ನೋಡುತ್ತಿದ್ದ. ಸರೋಜಾ ಮೇಡಂ ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಮೇಲಿನಿಂದ ಬೋರ್ಡನ್ನು ನೋಡುತ್ತಿದ್ದರು, ಕರ್ಚೀಫು ಬಾಯಿಗೆ ಹಿಡಿದುಕೊಂಡು.

ತಿರುಗಿದೆ. 'ಮಾತಾಡಿದವರು' ಎಂದಿತ್ತು. ಕೆಳಗೆ, ದುಂಡಗಿನ ಅಕ್ಷರದಲ್ಲಿ, ಹೆಸರಿನ ಮುಂದೆ ಮರ್ಯಾದೆಯಾಗಿ 'ಶ್ರೀ' ಕೂಡ ಸೇರಿಸಿ, ನಾನು. ಆಮೇಲೆ ಆ ಹನ್ನೊಂದು. ಅಥವಾ ಒಂಬತ್ತು.

ಮೇಡಂ ಎದ್ದು ಬಂದರು. "ಯಾಕಮ್ಮ, ಸಾರ್ ಹೆಸರು ಬರ್ದಿದೀಯಾ?"

ತನ್ಮಯಿ ಎದ್ದು ನಿಂತು ಹೇಳಿದಳು: "ಮ್ಯಾಮ್, ಯಾರನ್ನೂ ಬಿಡಬೇಡ ಅಂತ ಸಾರೇ ಹೇಳಿದ್ದು. ಲೆಟರ್ ಬಗ್ಗೆ ಹೇಳಿದಾಗ ಬರ್ದಿಲ್ಲ ಮ್ಯಾಮ್. ಸೈಕಲ್ಲು, ಅಜ್ಜಿ, ರೊಟ್ಟಿ, ಅದಕ್ಕೆಲ್ಲ ಮಾತ್ರ ಬರ್ದಿದೀನಿ. ಇವತ್ತು ಬೇರೆ ಯಾರೂ ಮಾತಾಡ್ಲಿಲ್ಲ."

ಬೆಲ್ ಹೊಡೆಯಿತು. ಮೇಡಂ ಫಾರಮ್ಮಿನಲ್ಲಿ ಏನೋ ಬರೆದು, ಮಡಚಿಕೊಂಡು ಹೋದರು. ನಾನು ಡಸ್ಟರ್ ಎತ್ತಿಕೊಂಡೆ. "ಸಾರ್, ರೂಲ್ ಅಂದ್ರೆ ರೂಲು. ಐದು ದಾಟಿದೆ" ಎಂದ ನಿಶಾಂತ್. ಮೊದಲ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಇರಲಿಲ್ಲ ಎಂದು ನನ್ನ ಅನಿಸಿಕೆ.

ಮಾರನೇ ದಿನ ಪೀರಿಯಡ್ ಪೂರ್ತಿ ನಾನು ಹಿಂದಿನ ಗೋಡೆಗೆ ನಿಂತೆ. ಹೇಗಿದ್ದರೂ ಕೆಲಸ ಹೋದಂತೆಯೇ ಎಂಬ ಆಯಾಸದಲ್ಲಿ ಮರ್ಯಾದೆಯ ಭಾರ ಕಡಿಮೆಯಾಗಿತ್ತು. ತನ್ಮಯಿ ಒಬ್ಬೊಬ್ಬರನ್ನೇ ಕರೆದು ಅವರವರ ರಜಾ ಅರ್ಜಿ ಓದಿಸಿದಳು. ಅಲ್ಲಿ ನಿಂತಾಗ ಒಂದು ವಿಷಯ ಗೊತ್ತಾಯಿತು: ಹಿಂದಿನ ಫ್ಯಾನು ಕಡಕಡ ಎನ್ನುತ್ತದೆ, ಕಿಟಕಿಯಾಚೆ ಹೊಸ ಅಪಾರ್ಟ್‌ಮೆಂಟಿನ ಡ್ರಿಲ್ಲಿಂಗು, ಮುಂದೆ ನಿಂತು ಓದುವವರ ದನಿ ಅರ್ಧಕ್ಕರ್ಧ ಕೇಳಿಸುವುದಿಲ್ಲ. "ಏನಂದ?" ಎಂದು ನಾನೇ ನಿಶಾಂತನನ್ನು ಕೇಳಿದೆ. "ಹೊಟ್ಟೆನೋವಂತೆ ಸಾರ್" ಎಂದ. ಮತ್ತೆ ಕೇಳಿದೆ, ಮತ್ತೆ ಹೇಳಿದ. ತನ್ಮಯಿ ನಮ್ಮಿಬ್ಬರ ಹೆಸರನ್ನೂ ಬರೆದಳು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕತೆ. ಪಾಪ, ಹುಡುಗನಿಗೆ ಕೇಳಿಸುತ್ತಿರಲಿಲ್ಲ, ಅದಕ್ಕೇ ಮಾತಾಡುತ್ತಿದ್ದ; ಮೇಷ್ಟ್ರಿಗೆ ಜ್ಞಾನೋದಯವಾಯಿತು. ಸ್ಟಾಫ್ ರೂಮಿನಲ್ಲಿ ಹಾಗೆಯೇ ಹೇಳಿ ಎಲ್ಲರ ಕಣ್ಣು ಒದ್ದೆ ಮಾಡಿದ್ದೇನೆ. ಆದರೆ ಇಷ್ಟು ಇಸ್ತ್ರಿ ಮಾಡಿಕೊಂಡು ಬರುವ ನೆನಪನ್ನು ನಾನು ನಂಬುವುದಿಲ್ಲ. ಕರೆಂಟ್ ಹೋಗಿ ಫ್ಯಾನ್ ನಿಂತಾಗಲೂ ನಿಶಾಂತ್ ಅಷ್ಟೇ ಮಾತಾಡಿದ. ಮುಂದಿನ ಬೆಂಚಿಗೆ ಕೂರಿಸಿದರೆ ಹಿಂದೆ ತಿರುಗಿ ಮಾತಾಡಿದ.

ಎರಡು ವಾರವಾದ ಮೇಲೆ ಕೆಲಸ ಕಾಯಂ ಆದ ಪತ್ರ ಕೈಗೆ ಬಂತು. ಫಾರಂ ನನಗೆ ತೋರಿಸಲಿಲ್ಲ. "ಡಿಸಿಪ್ಲಿನ್‌ಗೆ ಫುಲ್ ಮಾರ್ಕ್ಸ್ ಕೊಟ್ಟಿದೀನಿ ಸಾರ್, ಅಂಥ ಸೈಲೆಂಟ್ ಕ್ಲಾಸ್ ನಾನು ನೋಡೇ ಇಲ್ಲ. ಆದ್ರೆ ನೀವು ಸ್ವಲ್ಪ…" ಎಂದು ಸರೋಜಾ ಮೇಡಂ ಎರಡು ಬೆರಳನ್ನು ಹಕ್ಕಿಯ ಕೊಕ್ಕಿನಂತೆ ಮುಚ್ಚಿ ತೋರಿಸಿದರು. ಅಂದು ಟೀಮ್ ಲೀಡರನ ಮೆಸೇಜಿಗೆ ಇಲ್ಲ ಎಂದು ಬರೆದೆ.

ವರ್ಷದ ಕೊನೆಯಲ್ಲಿ, ಮಕ್ಕಳು ಒಂಬತ್ತನೇ ಕ್ಲಾಸಿಗೆ ಹೋಗುವ ಮೊದಲು, ಸುಳ್ಳು ಹೇಳದ ಒಬ್ಬಳೇ ವ್ಯಕ್ತಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. "ಅವತ್ತು ಎಲ್ಲಾರೂ ಯಾಕಮ್ಮ ಅಷ್ಟು ಸುಮ್ಮನಿದ್ರಿ?"

"ಹಿಂದಿನ ದಿನ ನೀವು ಹೋದ್ಮೇಲೆ ಕ್ಲಾಸಲ್ಲಿ ವೋಟ್ ಹಾಕಿದ್ವಿ ಸಾರ್," ಎಂದಳು ತನ್ಮಯಿ.

"ಏನಂತ? ನಾನು ಇರ್ಲಿ ಅಂತಾನಾ, ಹೋಗ್ಲಿ ಅಂತಾನಾ?"

"ಅದನ್ನ ಹೇಳ್ಬಾರ್ದು ಅಂತಾನೂ ವೋಟ್ ಹಾಕಿದ್ವಿ ಸಾರ್." ಆಮೇಲೆ ನ್ಯಾಯ ತಪ್ಪದಷ್ಟು ಮಾತ್ರ ಸೇರಿಸಿದಳು: "ಬರೀ ಮೂರ್ ವೋಟ್ ಡಿಫರೆನ್ಸು."

ನಾನೀಗ ಕಾಯಂ ಮೇಷ್ಟ್ರು. ಅವರು ಸುಮ್ಮನಿದ್ದದ್ದು ಮೌನದಿಂದ ನನ್ನನ್ನು ಉಳಿಸಬಹುದು ಎಂದೋ, ಸುಮ್ಮನೆ ಬಿಟ್ಟರೆ ಈ ಮನುಷ್ಯ ಮಾತಾಡಿ ಮಾತಾಡಿ ತಾನೇ ಮುಳುಗುತ್ತಾನೆ ಎಂದೋ. ಗೆದ್ದವರು ಯಾರೋ, ಸೋತವರು ಯಾರೋ. ನನಗೆ ಗೊತ್ತಿಲ್ಲ.