ನೆಲಕ್ಕಂಟಿದ ಭಾನುವಾರದ ಪೇಪರ್

ಇಲ್ಲೇ ಜಗುಲಿಯಲ್ಲಿ ಕೂತುಕೊಳ್ಳಿ, ಆದರೆ ಮೊದಲು ಕುರ್ಚಿಯನ್ನೊಮ್ಮೆ ಕೊಡವಿ. ಟೈಲ್ಸಿನ ಚೂರು ಎಲ್ಲಿ ಅಡಗಿದೆಯೋ ಹೇಳಲಾಗದು. ನಿನ್ನೆ ನನ್ನ ಕನ್ನಡಕದ ಡಬ್ಬಿಯಲ್ಲೇ ಒಂದು ಸಿಕ್ಕಿತು. ಎಲ್ಲಾ ನಮ್ಮ ಅಳಿಯಂದಿರ ಪ್ರತಾಪ.

ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಬೇಕೆಂದು ಮಗಳು ಮೂರು ವರ್ಷದಿಂದ ಹೇಳುತ್ತಿದ್ದಳು. ಕೊನೆಗೂ ಮೇಸ್ತ್ರಿ ಒಪ್ಪಿದ. "ಸೋಮವಾರ ಬರ್ತೀನಿ ಸಾರ್. ಹಳೇದು ಕೀಳೋಕೆ ಇಬ್ಬರನ್ನ ಕಳಿಸ್ಲಾ?" ಎಂದು ಫೋನಿನಲ್ಲಿ ಕೇಳಿದ.

ಅಳಿಯಂದಿರು ನಕ್ಕುಬಿಟ್ಟರು. "ಕೀಳೋದೇನು ಮಹಾ? ಹಾಕೋದಕ್ಕೆ ವಿದ್ಯೆ ಬೇಕು, ಕೀಳೋದಕ್ಕೆ ರಟ್ಟೆ ಸಾಕು. ನೆಲ ಕನ್ನಡಿ ಥರ ಇರುತ್ತೆ, ಬಾ."

"ಇರಲೇಬೇಕು. ಇಲ್ಲಾಂದ್ರೆ ನಾನು ಬೇರೆ ಮನೆ ಕೆಲಸ ಹಿಡೀತೀನಿ. ಮತ್ತೆ ಸಿಗೋದು ಎರಡು ತಿಂಗಳಾದ್ಮೇಲೇನೇ."

ಮಗಳು ಸೊಂಟಕ್ಕೆ ಕೈಯಿಟ್ಟಳು. "ಎರಡು ತಿಂಗಳು ಹಾಲ್‌ನಲ್ಲಿ ಒಲೆ ಇಟ್ಕೊಂಡು ನಾನು ಬೇಯಿಸಲ್ಲ ರೀ. ತವರಿಗೆ ಹೋಗ್ತೀನಿ."

"ತವರೇ ಬಂದು ಸೋಫಾ ಮೇಲೆ ಕೂತಿದೆಯಲ್ಲ," ಎಂದು ಅಳಿಯಂದಿರು ನನ್ನತ್ತ ನೋಡಿದರು.

"ಹಾಗಾದ್ರೆ ನಾನೂ ಅಲ್ಲೇ ಕೂರ್ತೀನಿ. ಅಡುಗೆ ನೀವು ಮಾಡಿ."

"ಆಗಲಿ," ಎಂದರು. ನೀರು ಕಾಯಿಸಲು ಹೇಳಿದರೆ ಪಾತ್ರೆಯನ್ನೇ ಸೀಯಿಸುವ ಮನುಷ್ಯ, ಯಾವ ಧೈರ್ಯದಲ್ಲಿ ಒಪ್ಪಿದರೋ!

ಅವರು ಆಫೀಸಿನಲ್ಲಿ ಕಡತಗಳ ವಿಭಾಗಕ್ಕೆ ಮುಖ್ಯಸ್ಥರು. ಶನಿವಾರ ಬೆಳಿಗ್ಗೆ ತೊಂಬತ್ತಾರು ಟೈಲ್ಸಿಗೂ ಸೀಮೆಸುಣ್ಣದಲ್ಲಿ ನಂಬರು ಬರೆದರು. ಒಂದಕ್ಕೆ ಐದು ನಿಮಿಷದಂತೆ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದರು. ಕಣ್ಣಿಗೆ ಈಜುವ ಕನ್ನಡಕ, ಮೂಗಿಗೆ ಟವೆಲ್, ಕೈಯಲ್ಲಿ ಸುತ್ತಿಗೆ, ಉಳಿ. ರಣರಂಗಕ್ಕೇ ಇಳಿದರು. ಒಂದನೇ ನಂಬರು ಉಳಿ ತಾಗಿದ್ದೇ ತಡ, ಟಪ್ಪೆಂದು ಎದ್ದುಬಂತು.

"ನೋಡಿದ್ರಾ ಅತ್ತೆ, ಇಷ್ಟೇ."

ಅದು ವರ್ಷದಿಂದಲೂ ಅಲ್ಲಾಡುತ್ತಿತ್ತು, ನಾನೇ ಎರಡು ಸಲ ಎಡವಿದ್ದೆ. ಉತ್ಸಾಹಕ್ಕೆ ಯಾಕೆ ನೀರೆರಚಲಿ ಎಂದು ತಲೆಯಾಡಿಸಿದೆ. ಎರಡನೇ ನಂಬರು ಮುಕ್ಕಾಲು ಗಂಟೆ ಹಿಡಿಯಿತು. ಹದಿನಾರನೆಯದರ ಹೊತ್ತಿಗೆ ಫ್ರಿಜ್ಜಿನ ಮೇಲಿನ ಪಟ್ಟಿ ತಾನಾಗಿಯೇ ಮಾಯವಾಗಿತ್ತು. ನನ್ನ ಯಜಮಾನರೂ ಹೀಗೇ, ನಲ್ಲಿ ರಿಪೇರಿ ಮಾಡುತ್ತೇನೆಂದು ಮನೆಮಂದಿಗೆಲ್ಲ ಮೂರು ದಿನ ಸ್ನಾನ ತಪ್ಪಿಸಿದ್ದರು. ಅವರನ್ನು ಬಿಡಿ.

ಅಂತೂ ಭಾನುವಾರ ಮಧ್ಯಾಹ್ನಕ್ಕೆ ಹಳೇ ಟೈಲ್ಸೆಲ್ಲ ಎದ್ದುಬಂತು. ಕೆಳಗಿನ ಅಂಟು ಬರಬೇಕಲ್ಲ? ಕಾಂಕ್ರೀಟಿನ ಮೇಲೆ ಬಾಚಣಿಗೆ ಎಳೆದ ಹಾಗೆ ಗೆರೆಗೆರೆಯಾಗಿ ಕೂತಿತ್ತು. ಕೆರೆದರೆ ಉಳಿ ಮೊಂಡಾಯಿತೇ ಹೊರತು ಅಂಟು ಅಲುಗಲಿಲ್ಲ. ಅಳಿಯಂದಿರು ಅಂಗಡಿಗೆ ಓಡಿ ಅಂಟು ಕರಗಿಸುವ ಡಬ್ಬಿ ತಂದು ನೆಲದ ತುಂಬ ಸುರಿದರು. 'ಅರ್ಧ ಗಂಟೆ ಬಿಟ್ಟು ಕೆರೆಯಿರಿ, ಒಣಗಲು ಬಿಡಬೇಡಿ' ಎಂದು ಡಬ್ಬಿಯ ಮೇಲೆಯೇ ಬರೆದಿತ್ತು. ಯಾರೂ ತುಳಿಯದಿರಲೆಂದು ಮೇಲೆ ಪೇಪರ್ ಹಾಸಿದರು. ಐದು ನಿಮಿಷ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆಂದು ಮಲಗಿದವರು ಎದ್ದದ್ದು ಮೂರು ಗಂಟೆ ಕಳೆದು.

ಅಂಟು ಕರಗಿತ್ತು, ನಿಜ. ಕರಗಿ, ಪೇಪರನ್ನು ಕುಡಿದು, ಮತ್ತೆ ಕಲ್ಲಾಗಿತ್ತು. ಎಳೆದರೆ ಪುಟದ ಅಂಚು ಮಾತ್ರ ಕೈಗೆ ಬಂತು.

ಮಗಳು ಬಾಗಿಲಲ್ಲೇ ನಿಂತು ಬಗ್ಗಿ ಓದಿದಳು. "ಇಲ್ಲೊಂದು ಮದುವೆ ಜಾಹೀರಾತು ಇದೆ ರೀ. ಹೊಣೆಗಾರ ವರ ಬೇಕಂತೆ."

"ಅದನ್ನ ಯಾಕೆ ಓದ್ತೀಯಾ ಈಗ?"

"ನಾನು ಇಪ್ಪತ್ತು ವರ್ಷ ಮೊದಲೇ ಓದಬೇಕಿತ್ತು."

ಸೋಮವಾರ ಮೇಸ್ತ್ರಿ ಬಂದ. ಅಳಿಯಂದಿರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಬಾಗಿಲು ತೆರೆದರು. ಮೇಲಧಿಕಾರಿ ಕಡತ ಬಿಚ್ಚಿದಾಗಲೂ ಅವರು ಹೀಗೆ ಬೆವರಿದವರಲ್ಲ. ಮೇಸ್ತ್ರಿ ನೆಲ ನೋಡಿದ, ಅವರ ಮುಖ ನೋಡಿದ, ಮತ್ತೆ ನೆಲ ನೋಡಿದ.

"ಸಾರ್, ನಾನು ಟೈಲ್ಸ್ ಹಾಕೋನು. ಪೇಪರ್ ಹಾಕೋನು ಬೆಳಿಗ್ಗೇನೇ ಬಂದು ಹೋಗಿರ್ತಾನೆ."

"ಒಂದೇ ಒಂದು ದಿನ ಟೈಮ್ ಕೊಡಪ್ಪಾ."

"ಒಂದಲ್ಲ ಸಾರ್, ಅರವತ್ತು ದಿನ ತಗೊಳ್ಳಿ. ನಿಧಾನಕ್ಕೆ ಓದಿ ಮುಗಿಸಿ," ಎಂದವನೇ ಚೀಲ ಹೆಗಲಿಗೇರಿಸಿಕೊಂಡು ಪಕ್ಕದ ಬೀದಿಗೆ ನಡೆದ.

ಇವತ್ತಿಗೆ ಒಂಬತ್ತು ದಿನ. ಆ ಹೊಗೆಗೆ ಹೆದರಬೇಡಿ, ಅದು ನಮ್ಮ ಮಧ್ಯಾಹ್ನದ ಊಟ. ಕರಕರ ಸದ್ದು ಕೇಳುತ್ತಿದೆಯಲ್ಲ? ಅಳಿಯಂದಿರು ಒಳಗೆ ಹಾಲ್‌ನಲ್ಲಿ ಬಾಣಲೆಯ ತಳ ಕೆರೆಯುತ್ತಿದ್ದಾರೆ, ಅದೇ ಉಳಿಯಲ್ಲಿ.

ನೀವು ಬೇಕರಿಯ ದಾರಿಯಲ್ಲೇ ತಾನೇ ಹೋಗುವುದು? ಎರಡು ಬ್ರೆಡ್ ತಂದು ಹಿಂದಿನ ಕಿಟಕಿಯಲ್ಲಿ ಕೊಟ್ಟುಬಿಡಿ. ಒಂದು ನನಗೂ ಮಗಳಿಗೂ, ಅಳಿಯಂದಿರಿಗೆ ಗೊತ್ತಾಗಬಾರದು. ಇನ್ನೊಂದು ಅಳಿಯಂದಿರಿಗೆ, ಮಗಳಿಗೆ ಗೊತ್ತಾಗಬಾರದೆಂದು ಅವರೇ ನನ್ನ ಕಿವಿಯಲ್ಲಿ ಹೇಳಿದ್ದಾರೆ.