ತೆಯೊಡೊಸಿಯೊನ ನಾಲ್ಕು ಮಿಲಿಮೀಟರ್

ವ್ಯವಹಾರದ ಮೊತ್ತ ನಾಲ್ಕು ಮಿಲಿಮೀಟರ್. ಅಷ್ಟು ಸಿಕ್ಕರೆ ನನ್ನ ಹಮಾಲ ತೆಯೊಡೊಸಿಯೊ ಚೋಕೆಗೆ ಮೂರು ವಾರ ಸಂಬಳಸಹಿತ ರಜೆ, ನನಗೆ ಹಮಾಲರ ಆರೋಗ್ಯ ನಿಧಿಯ ಖರ್ಚಿನಲ್ಲಿ ಬದಲಿ ಆಳು. ಸಿಗದಿದ್ದರೆ ಅವನು ಕುಂಟುತ್ತ ಹೊರಬೇಕು, ನನ್ನ ಈರುಳ್ಳಿ ಕೊಳೆಯಬೇಕು. ಬೊಲಿವಿಯಾದ ಕೊಚಬಾಂಬಾ ಸಂತೆಯಲ್ಲಿ ಈರುಳ್ಳಿ ಮಾರುತ್ತ ಇಪ್ಪತ್ತೆಂಟು ವರ್ಷ ಕೂತವಳು ನಾನು. ಕಿಲೋ ಗೊತ್ತಿತ್ತು, ಮಿಲಿಮೀಟರ್ ಗೊತ್ತಿರಲಿಲ್ಲ.

ಮೂಟೆ ಹೊತ್ತು ಮೆಟ್ಟಿಲಿಳಿಯುವಾಗ ಅವನ ಬಲಪಾದ ಒಳಕ್ಕೆ ಮಡಚಿಕೊಂಡಿತು. ಕೀಲು ಊದಿ ಬದನೆಕಾಯಿಯ ಗಾತ್ರಕ್ಕೂ ಬಣ್ಣಕ್ಕೂ ಬಂತು. ನಿಧಿಯ ಕಚೇರಿಗೆ ಕರೆದೊಯ್ದೆ. ಗೋಡೆಯ ಮೇಲೆ ನಿಯಮ ಹದಿನೇಳು ಹೀಗಿತ್ತು:

"ಬಾವು, ಬಣ್ಣ ಮತ್ತು ಕಿರುಚಾಟವನ್ನು ಪುರಾವೆಯೆಂದು ಪರಿಗಣಿಸಲಾಗದು. ಹಿಮ್ಮಡಿಯನ್ನು ಮುಂದಕ್ಕೆ ಎಳೆದಾಗ ಒಂದು ಪಾದವು ಇನ್ನೊಂದಕ್ಕಿಂತ ನಾಲ್ಕು ಮಿಲಿಮೀಟರ್ ಹೆಚ್ಚು ಜಾರಿದಲ್ಲಿ, ಹೆಚ್ಚು ಜಾರಿದ ಪಾದವನ್ನೇ ಗಾಯಾಳುವೆಂದು ತಿಳಿಯತಕ್ಕದ್ದು."

ಡಾಕ್ಟರ್ ಉರ್ಕಿದಿ ಒಂದು ಕೈಯಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಹಿಮ್ಮಡಿಯನ್ನು ಮೇಜಿನ ಖಾನೆಯಂತೆ ಎಳೆದರು. ತೆಯೊಡೊಸಿಯೊ ನೋವಿಗೆ ಮೀನಖಂಡ ಬಿಗಿಹಿಡಿದ; ಪಾದ ಹೆಚ್ಚು ಜಾರಲಿಲ್ಲ.

"ಎರಡು," ಎಂದು ಗುಮಾಸ್ತ ಅಳತೆ ಓದಿದ.

"ಕಾಲು ಸಡಿಲ ಬಿಡೋ!" ಅಂದೆ.

"ನೀವೇ ಬಂದು ಕೂತು ಬಿಡಿ, ದೋನ್ಯಾ ಸಾತುರ್ನಿನಾ! ಇಲ್ಲಿ ಜೀವ ಹೋಗ್ತಿದೆ!"

ಎಡಗಾಲು ಆರು ಜಾರಿತು. ಹದಿನೈದು ಕಾರ್ನಿವಲ್‌ಗಳಲ್ಲಿ ಗೆಜ್ಜೆಬೂಟು ಹಾಕಿ ಜಿಗಿದು ಕುಣಿದ ಕಾಲು ಅದು. ಕೀಲು ಹಿಡಿದಿಡುವ ನಾರು ಯಾವತ್ತೋ ಹಿಗ್ಗಿ ಹೋಗಿತ್ತು.

"ಆರರಲ್ಲಿ ಎರಡು ಹೋದರೆ ನಾಲ್ಕು. ಮಂಜೂರು," ಎಂದರು ಡಾಕ್ಟರು. "ಎಡಗಾಲಿಗೆ ಪ್ಲಾಸ್ಟರ್ ಹಾಕಿ."

"ಡಾಕ್ಟ್ರೇ, ನೋವಿರೋದು ಬಲಗಾಲಲ್ಲಿ!" ತೆಯೊಡೊಸಿಯೊ ಕೂಗಿದ.

"ನೋವು ನಿಮ್ಮ ಸ್ವಂತ ವಿಷಯ. ಅಳತೆ ನಿಧೀದು."

"ಹಂಗಾದ್ರೆ ನಿಲ್ಲೋದು ಯಾವುದರ ಮೇಲೆ?"

"ಚೆನ್ನಾಗಿರೋದರ ಮೇಲೆ. ಬಲಗಾಲು."

ಅವನು ನನ್ನ ಮುಖ ನೋಡಿದ. ನಾನು ಬದಲಿ ಆಳಿನ ಚೀಟಿ ನೋಡಿದೆ. "ದೊಡ್ಡವರಿಗೆ ಎದುರಾಡಬೇಡವೋ," ಅಂದೆ.

ಒಂದು ಕಾಲು ಪ್ಲಾಸ್ಟರಿನಲ್ಲಿ, ಇನ್ನೊಂದು ನೋವಿನಲ್ಲಿ. ಮೂರು ವಾರ ಅವನು ನಿಲ್ಲಲೇ ಇಲ್ಲ. ಹಾಸಿಗೆಯಲ್ಲೇ ಕಡಲೆಕಾಯಿ ಸಾರು ಕುಡಿಯುತ್ತ ನನ್ನನ್ನು ಬೈದ. ಯಾರೂ ಮುಟ್ಟದ್ದರಿಂದ ಬಲಗಾಲು ತಾನಾಗಿ ವಾಸಿಯಾಯಿತು.

ಮರುಪರೀಕ್ಷೆಯಲ್ಲಿ ಹಳೇ ಭಯಕ್ಕೆ ಬಲಗಾಲು ಮತ್ತೆ ಬಿಗಿಯಾಯಿತು: ಎರಡು. ಪ್ಲಾಸ್ಟರಿನಲ್ಲಿ ಮರಗಟ್ಟಿದ್ದ ಎಡಗಾಲೂ ಎರಡು.

"ವ್ಯತ್ಯಾಸ ಸೊನ್ನೆ! ಪೂರ್ಣ ಗುಣ!" ಡಾಕ್ಟರು ಅವನ ಕೈ ಕುಲುಕಿದರು.

ಈಗ ನಮ್ಮ ಸಂತೆಯಲ್ಲಿ ಕಾಲು ಉಳುಕಿಸಿಕೊಂಡವರು ತಾವಾಗಿಯೇ ಚೆನ್ನಾಗಿರುವ ಕಾಲನ್ನು ಪ್ಲಾಸ್ಟರಿಗೆ ಚಾಚುತ್ತಾರೆ. ಬೇಗ ಗುಣವಾಗುತ್ತದೆ.

ತಕರಾರು ತೆಗೆದವನು ತೆಯೊಡೊಸಿಯೊ ಒಬ್ಬನೇ. ಕಾರ್ನಿವಲ್ ಹತ್ತಿರ ಬಂದಾಗ ಎಡಗಾಲು ಜಿಗಿಯಲೊಲ್ಲದು. ತನ್ನ ನಾಲ್ಕು ಮಿಲಿಮೀಟರ್ ವಾಪಸು ಕೊಡಿಸಬೇಕೆಂದು ಅರ್ಜಿ ಹಾಕಿದ. ಉತ್ತರ ಮೊಹರಿನೊಂದಿಗೆ ಬಂತು: "ಸದರಿ ನಾಲ್ಕು ಮಿಲಿಮೀಟರನ್ನು ನಿಧಿಗೆ ಜಮಾ ಮಾಡಿಕೊಳ್ಳಲಾಗಿದೆ."

ಒಟ್ಟು ಗಳಿಕೆ: ನಿಧಿಗೆ ನಾಲ್ಕು ಮಿಲಿಮೀಟರ್, ತೆಯೊಡೊಸಿಯೊಗೆ ಮೊಹರಿರುವ ಒಂದು ಕಾಗದ. ನನ್ನ ಈರುಳ್ಳಿ ಒಂದೂ ಕೊಳೆಯಲಿಲ್ಲ.