ಹೊಸ್ತಿಲು ದಾಟದ ಹವಾಲ್ದಾರರಿಗೆ

ಮಾನ್ಯರೇ,

ಮೊದಲಿಗೆ ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ಕ್ಷಮೆ ಇರಲಿ. ನಾನು ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಆಮೇಲೆ ಇಸ್ತ್ರಿ ಅಂಗಡಿ ಸೇರಿದ್ದರಿಂದ ಬಟ್ಟೆಯ ಸುಕ್ಕು ತೆಗೆಯುವುದು ಬಂತೇ ಹೊರತು ಅಕ್ಷರದ ಸುಕ್ಕು ಹಾಗೇ ಉಳಿಯಿತು. ತಾವಾದರೋ ಕಾಗದವನ್ನು ಕಣ್ಣಿಗಿಂತ ಮೂಗಿನಿಂದಲೇ ಹೆಚ್ಚು ಓದುವವರು, ಒತ್ತಕ್ಷರ ತಪ್ಪಿದ್ದನ್ನು ದೊಡ್ಡದು ಮಾಡುವುದಿಲ್ಲವೆಂದು ನಂಬಿದ್ದೇನೆ. ಲಕೋಟೆಯೊಳಗೆ ಮುಚ್ಚಿ ಕಳಿಸಿದ್ದನ್ನೆಲ್ಲ ಯಾರೂ ಒಡೆಯುವ ಮೊದಲೇ ತಾವು ಜಗಿದು ಮುಗಿಸುತ್ತೀರೆಂದು ತಮ್ಮ ಮನೆಯವರಿಂದ ತಿಳಿದುಬಂದದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮ್ಮನ್ನು ಕಾಣದವರೂ ಇದನ್ನು ಓದಬಹುದಾದ್ದರಿಂದ ತಮ್ಮ ಪರಿಚಯ ಹೇಳುವುದು ನನ್ನ ಕರ್ತವ್ಯ. ತಾವು ಕಂದು ಬಣ್ಣದ, ಒಂದು ಕಿವಿ ನಿಂತು ಇನ್ನೊಂದು ಕಿವಿ ಮಲಗಿರುವ, ಎದೆ ಮುಂದೆ ಮಾಡಿಕೊಂಡು ನಡೆಯುವ ನಾಯಿ. ಆ ನಡಿಗೆಯಿಂದಲೇ ಬೀದಿಯವರು ತಮಗೆ ಹವಾಲ್ದಾರ ಎಂಬ ಪದವಿ ಕೊಟ್ಟಿದ್ದಾರೆ. ತಮ್ಮ ಒಡತಿ ಕನ್ನಡಕ ರಿಪೇರಿಯ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಅವರನ್ನು ಮದುವೆಯಾಗಬೇಕೆಂದು ಆಸೆ ಇಟ್ಟುಕೊಂಡವನು. ಅಮ್ಮನ ಕನ್ನಡಕದ ತಿರುಪನ್ನು ಮನೆಯಲ್ಲಿ ನಾನೇ ಸಡಿಲ ಮಾಡಿಕೊಂಡು, ಅದನ್ನು ಬಿಗಿ ಮಾಡಿಸಲು ಅವರ ಅಂಗಡಿಗೆ ಹೋಗಿ, "ಹೂಂ" ಎನ್ನುವುದರಾಚೆ ಒಂದು ಮಾತನ್ನೂ ಆಡಲಾಗದೆ ಕಿವಿ ಕೆಂಪು ಮಾಡಿಕೊಂಡು ಹಿಂದಿರುಗುತ್ತಿದ್ದೆನೆಂಬುದಕ್ಕೆ ತಾವೇ ಸಾಕ್ಷಿ. ಮೇಜಿನ ಕೆಳಗೆ ಮಲಗಿ ನನ್ನ ಚಪ್ಪಲಿ ಮೂಸಿ ನನ್ನ ಯೋಗ್ಯತೆ ಅಳೆದವರು ತಾವಲ್ಲವೇ? ಕೊನೆಗೆ ಅಮ್ಮನೇ ಒಂದು ದಿನ ಅಂಗಡಿಗೆ ಹೋಗಿ, "ನೋಡಮ್ಮ, ಈ ತಿರುಪು ಸಡಿಲ ಆಗೋದು ನಿಲ್ಲಬೇಕಾದ್ರೆ ನೀನು ನಮ್ಮನೆಗೇ ಬಂದು ಇರಬೇಕಾಗುತ್ತೆ ಅಂತ ಕಾಣುತ್ತೆ" ಎಂದು ಕೇಳಿಬಿಟ್ಟರು.

ತಮ್ಮ ಒಡತಿ ನಕ್ಕರು, ಒಪ್ಪಿದರು, ಒಂದೇ ಒಂದು ಷರತ್ತು ಹಾಕಿದರು. ತಾವೂ ಜೊತೆಗೆ ಬರಬೇಕು, ಮನೆಯ ಒಳಗೇ ಇರಬೇಕು, ತಮಗೆ ಜಾಗವಿಲ್ಲದ ಮನೆಗೆ ತಾನೂ ಕಾಲಿಡುವುದಿಲ್ಲ ಎಂದರು.

ಇಲ್ಲಿ ನನ್ನ ಅಮ್ಮನ ವಿಷಯ ಹೇಳಬೇಕು. ಅವರು ಹೆರಿಗೆ ಆಸ್ಪತ್ರೆಯ ವಾರ್ಡಿನ ಬಾಗಿಲು ಕಾಯುವವರು. ಎರಡೇ ನಿಮಿಷ ಎನ್ನುವ ಗಂಡಂದಿರನ್ನು, ಡಾಕ್ಟರಿಗೆ ನಾನು ಬೇಕಾದವನು ಎನ್ನುವ ದೊಡ್ಡ ಮನುಷ್ಯರನ್ನು, ಅತ್ತು ತೋರಿಸುವ ಅತ್ತೆಯಂದಿರನ್ನು, ಫ್ಲಾಸ್ಕು ಅಡ್ಡ ಹಿಡಿದು ನುಸುಳುವ ಚಿಕ್ಕಮ್ಮಂದಿರನ್ನು "ಹೊರಗೆ" ಎಂಬ ಒಂದೇ ಮಾತಿನಿಂದ ತಡೆಯುತ್ತ ಬಂದವರು. ಆದರೆ ತಡೆದವರೆಲ್ಲ ವಾದ ಮಾಡಿಯೇ ನಿಲ್ಲುತ್ತಾರೆ, ಹೇಳಿದ ತಕ್ಷಣ ಹೇಳಿದಲ್ಲಿ ನಿಂತ ಒಬ್ಬ ಪ್ರಾಣಿಯನ್ನೂ ಈ ಜನ್ಮದಲ್ಲಿ ಕಂಡಿಲ್ಲ ಎಂಬುದು ಅವರ ಬಾಳಿನ ದೊಡ್ಡ ಕೊರಗು. ಅಂಥವರು ನಾಯಿಯ ಮಾತು ಬಂದಾಗ, "ನನ್ನ ಹೊಸ್ತಿಲನ್ನ ನಾಲ್ಕು ಕಾಲಿನದು ದಾಟೋ ಹಾಗಿಲ್ಲ, ಮಂಚ ಒಂದನ್ನ ಬಿಟ್ಟು" ಎಂದು ಹೇಳಿ ಅಡುಗೆಮನೆಗೆ ಹೊರಟುಹೋದರು.

ನಮ್ಮ ಮನೆಯೂ ಬೇಡ, ಅವರ ಮನೆಯೂ ಬೇಡ, ಯಾರದೂ ಅಲ್ಲದ ಒಂದು ಸೂರಿನ ಕೆಳಗೆ ಎಲ್ಲರೂ ಎರಡು ದಿನ ಇದ್ದು ನೋಡೋಣ ಎಂಬ ಉಪಾಯ ತಮ್ಮ ಒಡತಿಯದು. ಹೀಗೆ ಅಮ್ಮ, ನಾನು, ತಮ್ಮ ಒಡತಿ, ಅವರ ಅಪ್ಪ ಮತ್ತು ತಾವು, ನಾಯಿಗಳಿಗೆ ಆದರದ ಸ್ವಾಗತ ಎಂದು ಬೋರ್ಡು ಹಾಕಿಕೊಂಡಿರುವ ಆ ಸಮುದ್ರದಂಡೆಯ ಹಳೆಯ ಕಾಟೇಜಿಗೆ ಹೋದೆವು.

ಆ ಆದರದ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆಯೇ. ತಮಗೆ ಮೆತ್ತನೆಯ ಕಂಬಳಿ, ಚಿತ್ತಾರದ ಬಟ್ಟಲು, ಹೆಜ್ಜೆಗುರುತು ನೇಯ್ದ ದೊಡ್ಡ ಟವೆಲ್, ಮೂಳೆಯಾಕಾರದ ಬಿಸ್ಕತ್ತು. ನಮಗೆ ಕಬ್ಬಿಣದ ಬೀಗದಕೈ ಮತ್ತು ಗೋಡೆಯ ಮೇಲೆ ನಿಯಮಗಳು. ಹಿಂದೆ ಕಡಲ ಕಾವಲಿನವರು ಇದ್ದ ಕಲ್ಲಿನ ಮನೆಯಂತೆ ಅದು. ಆ ಕಾವಲಿನವರು ಮೊಣಕಾಲೆತ್ತರ ಇದ್ದರೋ ಏನೋ, ಬಾಗಿಲು ಅಷ್ಟು ಗಿಡ್ಡ. ತಮ್ಮ ಒಡತಿಯ ಅಪ್ಪ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಹಣೆ ಬಡಿಸಿಕೊಂಡು, ಅಷ್ಟರಲ್ಲಿ ಬಾಗಿಲು ಇನ್ನಷ್ಟು ಕುಳ್ಳಗಾಯಿತೇನೋ ಎಂಬಂತೆ ಅದನ್ನು ಬೇಸರದಿಂದ ನೋಡುತ್ತಿದ್ದರು. ಯಾರ ಮುಂದೆಯೂ ಬಗ್ಗದ ನನ್ನ ಅಮ್ಮನೂ ಆ ಬಾಗಿಲಿಗೆ ಬಗ್ಗಿದರು. ತಲೆ ಎತ್ತಿ ಒಳಗೆ ನಡೆಯಬಲ್ಲವರು ನಮ್ಮ ಪೈಕಿ ತಾವೊಬ್ಬರೇ. ತಾವು ಮಾತ್ರ ನಡೆಯಲಿಲ್ಲ.

ತಾವು ಹೊಸ್ತಿಲ ಹತ್ತಿರ ಬಂದಿರಿ. ಅಮ್ಮ ಒಳಗಿನಿಂದ "ಹೊರಗೆ!" ಎಂದರು. ತಾವು ಅಲ್ಲಿಯೇ ನಿಂತಿರಿ. ಮುಂಗಾಲನ್ನು ಗೆರೆ ಎಳೆದಂತೆ ಹೊಸ್ತಿಲ ಆಚೆಗೇ ಇಟ್ಟು, ವಾದವಿಲ್ಲದೆ, ಕಣ್ಣೀರಿಲ್ಲದೆ ಕುಳಿತುಬಿಟ್ಟಿರಿ. ಅಮ್ಮನ ಕೈಯಲ್ಲಿದ್ದ ಚಹಾ ಲೋಟ ಬಾಯಿಯವರೆಗೆ ಹೋಗದೆ ನಿಂತಿತು. "ಇವನನ್ನ ನಮ್ಮ ವಾರ್ಡಿಗೆ ಕರ್ಕೊಂಡು ಹೋಗಿ ಆ ಗಂಡಸರಿಗೆಲ್ಲ ತೋರಿಸಬೇಕು" ಎಂದರು.

ಮಾನ್ಯರೇ, ನನ್ನ ದೂರು ಇಲ್ಲಿಂದ ಶುರು. ತಾವು ನಿಂತದ್ದು ಅಮ್ಮನ ಮಾತಿಗಲ್ಲ. ಬಾಗಿಲಿನ ಎದುರು ಗೋಡೆಯ ಮೇಲೆ, ಗಾಜಿನ ಪೆಟ್ಟಿಗೆಯೊಳಗೆ, ಯಾವ ಕಾಲದಲ್ಲೋ ಸತ್ತು ಹುಲ್ಲು ತುಂಬಿಸಿಕೊಂಡ ಒಂದು ದೊಡ್ಡ ಬಿಳಿ ಕಡಲಹಕ್ಕಿ ರೆಕ್ಕೆ ಬಿಚ್ಚಿ, ಕಿತ್ತಳೆ ಬಣ್ಣದ ಗಾಜಿನ ಕಣ್ಣು ಬಿಟ್ಟುಕೊಂಡು ನಿಂತಿತ್ತು. ತಾವು ಅದನ್ನು ನೋಡಿದಿರಿ, ಅದು ತಮ್ಮನ್ನು ನೋಡಿತು, ತಮ್ಮ ಬಾಲ ಎರಡು ಕಾಲುಗಳ ನಡುವೆ ಸೇರಿತು. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ನಾನು ಇದನ್ನೆಲ್ಲ ಕಂಡೆ. ಹೇಳಬೇಕಿತ್ತು. ಆದರೆ ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಕಾದ ಇಸ್ತ್ರಿಪೆಟ್ಟಿಗೆ ಮುಟ್ಟುವುದಕ್ಕಿಂತ ಕಷ್ಟ. ಅಲ್ಲದೆ ಅಮ್ಮ ತಮ್ಮನ್ನು ಹೊಗಳುತ್ತಿದ್ದದ್ದು ನನ್ನ ಮದುವೆಗೂ ಒಳ್ಳೆಯದೇ ಎಂದು ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ತಾವು ಮೆರೆದದ್ದನ್ನು ಹೇಳದೆ ಮುಂದೆ ಹೋಗಲಾರೆ. ತಾವು ನೀರಿನ ಅಂಚಿನಲ್ಲಿ ನಿಂತು, ಬಂದ ಒಂದೊಂದು ಅಲೆಗೂ ಬೊಗಳಿದಿರಿ. ಅಲೆ ಹಿಂದೆ ಸರಿದಾಗಲೆಲ್ಲ ಅದು ತಮ್ಮ ಪ್ರತಾಪವೇ ಎಂಬಂತೆ ಎದೆಯುಬ್ಬಿಸಿ ನಮ್ಮ ಕಡೆ ನೋಡಿದಿರಿ. ಅಮ್ಮ ಸೀರೆಯ ಅಂಚು ಎತ್ತಿ ಹಿಡಿದು ತಮ್ಮ ಪಕ್ಕ ಹೋಗಿ ನಿಂತರು. "ನೋಡೋ, ಸಮುದ್ರಾನೇ ಹೊರಗೆ ಕಳಿಸ್ತಿದ್ದಾನೆ! ನಾನು ಒಂದು ಬಾಗಿಲು ಕಾಯೋಕೆ ಏದುಸಿರು ಬಿಡ್ತೀನಿ" ಎಂದು ನನಗೆ ಕೂಗಿ ಹೇಳಿದರು. ನಾನು ಇಷ್ಟು ವರ್ಷ ಮಡಿಚಿಟ್ಟ ಅವರ ಯೂನಿಫಾರಮ್ಮಿಗೆ ಅಂಥ ಒಂದು ಮೆಚ್ಚುಗೆಯೂ ಸಿಕ್ಕಿರಲಿಲ್ಲ ಎಂಬುದನ್ನು ವಿನಯದಿಂದ ತಮ್ಮ ಗಮನಕ್ಕೆ ತರುತ್ತೇನೆ.

ಆದರೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ತಮ್ಮ ಈ ಕೀರ್ತಿಯೇ ನನ್ನ ಕುತ್ತಿಗೆಗೆ ಬಂತು. ಅಮ್ಮ ಬ್ರೆಡ್ಡು ಮುರಿಯುತ್ತ, "ಇಂಥ ನಾಯಿ ಆದ್ರೆ ನನ್ನದೇನೂ ತಕರಾರಿಲ್ಲ, ಹೊರಗೆ ಜಗಲಿ ಮೇಲೆ ಇರಲಿ" ಎಂದರು. ತಮ್ಮ ಒಡತಿ, "ಇಲ್ಲ ಆಂಟಿ, ಅವನು ಒಳಗೆ ನನ್ನ ಕಾಲ ಹತ್ರ ಮಲಗೋನು" ಎಂದರು. "ಮತ್ತೆ ಇಲ್ಲಿ ತಾನಾಗೇ ಹೊರಗಿದ್ದಾನಲ್ಲ? ನಾಯಿಗೇ ಇಲ್ಲದ ಹಟ ನಿನಗ್ಯಾಕಮ್ಮ?" ಎಂದು ಅಮ್ಮ ಕೇಳಿದಾಗ ತಮ್ಮ ಒಡತಿ ತಟ್ಟೆ ನೋಡಿದರು, ನಾನು ಹಕ್ಕಿ ನೋಡಿದೆ, ತಾವು ಹೊಸ್ತಿಲಾಚೆಯಿಂದ ನನ್ನ ತಟ್ಟೆಯ ಮೊಟ್ಟೆ ನೋಡಿದಿರಿ. ತಮ್ಮ ಒಡತಿಯ ಅಪ್ಪ ಸಮಾಧಾನ ಮಾಡಲು ಹೋಗಿ, "ಬಿಡಿ ಅಕ್ಕಾ, ನಾಯಿ ಬರದೆ ಇವಳು ಬರೋಳಲ್ಲ" ಎಂದುಬಿಟ್ಟರು. "ಹಾಗಾದ್ರೆ ಇಬ್ಬರೂ ಅಲ್ಲೇ ಇರಲಿ" ಎಂದು ಅಮ್ಮ ಎದ್ದರು, ಚೀಲ ತೆಗೆದುಕೊಂಡರು, ಇನ್ನು ಈ ಮನೆಯೊಳಗೆ ಕಾಲಿಡುವುದಿಲ್ಲವೆಂದು ಹೇಳಿ, ಬಾಗಿಲಿಗೂ ಬಗ್ಗಿ, ಹೊರಟೇ ಹೋದರು.

ಹೋಗುವುದೆಲ್ಲಿಗೆ? ಆ ಮನೆಗೂ ಊರಿಗೂ ನಡುವೆ ಇರುವುದು ಒಂದು ಮರಳಿನ ದಾರಿ. ಉಬ್ಬರ ಬಂದಾಗ ಅದು ನೀರಿನೊಳಗೆ. ಸಿಟ್ಟು ಬಂದವರು ಎದ್ದು ಹೋಗದಂತೆ ಕಟ್ಟಿದ ಏಕಾಂತದ ಮನೆ ಅದು. ಅಮ್ಮ ದಾರಿಯ ತುದಿಯವರೆಗೆ ಹೋಗಿ, ಸಮುದ್ರವನ್ನು ಒಮ್ಮೆ ದುರುಗುಟ್ಟಿ ನೋಡಿ, ಹಿಂದಿರುಗಿ ಬಂದರು. ಒಳಗೆ ಬರುವುದಿಲ್ಲ ಎಂದಾಗಿತ್ತಲ್ಲ, ಬಾಗಿಲ ಮುಂದಿನ ಕಲ್ಲಿನ ಜಗಲಿಯ ಮೇಲೆ ತಮ್ಮ ಪಕ್ಕ ಕುಳಿತರು. ಆಮೇಲೆ ಮಳೆ ಬಂತು. ಅದು ಮೇಲಿನಿಂದ ಬರುವ ಮಳೆಯಲ್ಲ, ಕಡಲ ಕಡೆಯಿಂದ ಅಡ್ಡಡ್ಡ ಬಂದು ಮುಖಕ್ಕೆ ಬಡಿಯುವ ಮಳೆ.

ಒಳಗೆ ಒಲೆ ಉರಿಯುತ್ತಿತ್ತು, ಹೊರಗೆ ಒಬ್ಬರು ಹಟದಿಂದ, ಒಬ್ಬರು ಹಕ್ಕಿಯ ಭಯದಿಂದ ನೆನೆಯುತ್ತಿದ್ದರು. ಅಮ್ಮ ತಮಗೆ, "ನಾನೇ ಹೇಳ್ತಿದ್ದೀನಿ, ನೀನಾದ್ರೂ ಒಳಗೆ ಹೋಗೋ ಮಾರಾಯ" ಎನ್ನುವುದು ಕೇಳಿಸುತ್ತಿತ್ತು. ತಾವು ಕದಲಲಿಲ್ಲ. ಅಮ್ಮನ ದನಿ ಮೆತ್ತಗಾಯಿತು. ತಾವು ಕೊಟ್ಟ ಮಾತಿಗೆ ಕಟ್ಟುಬಿದ್ದು ನಿಂತಿದ್ದೀರೆಂದು ಅವರು ತಿಳಿದಿರಬೇಕು. ನನ್ನ ಅಮ್ಮನಿಗೆ ಎದೆಯ ಕಫದ ತೊಂದರೆ ಇದೆ. ಒಡತಿಯ ಅಪ್ಪ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಿದ್ದೆ ಹೋಗಿದ್ದರು. ಉಳಿದವರು ತಮ್ಮ ಒಡತಿ ಮತ್ತು ನಾನು. ಅವರು ಕಿಟಕಿಯ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದರು.

ಆಗ ನಾನು ಅವರೊಂದಿಗೆ ನನ್ನ ಜೀವನದ ಮೊದಲನೆಯ ಪೂರ್ತಿ ವಾಕ್ಯವನ್ನು ಆಡಿದೆ. ಪ್ರೀತಿಯ ಮಾತು ಆಡಬೇಕಾದ ಜಾಗದಲ್ಲಿ ನಾನು ಆಡಿದ್ದು, "ಅವನು ಆ ಹಕ್ಕಿಗೆ ಹೆದರಿಕೊಂಡಿದ್ದಾನೆ" ಎಂದು.

ತಮ್ಮ ಒಡತಿ ತಿರುಗಿ ನೋಡಿ, "ಗೊತ್ತು, ಮೊದಲ ದಿನದಿಂದ ಗೊತ್ತು. ನಿಮಗೂ ಗೊತ್ತಿತ್ತಾ? ಮತ್ತೆ ಇಷ್ಟು ಹೊತ್ತು ಬಾಯಲ್ಲಿ ಏನಿತ್ತು?" ಎಂದರು. ತಮ್ಮ ಮರ್ಯಾದೆ ಹೋದರೆ ಈ ಸಂಬಂಧವೂ ಹೋಗುತ್ತದೆಂದು ಅವರೂ ನನ್ನ ಹಾಗೇ ಬಾಯಿ ಮುಚ್ಚಿಕೊಂಡಿದ್ದರಂತೆ. ಇಲ್ಲಿನ ಯಾವ ವಸ್ತುವನ್ನೂ ಕದಲಿಸಬಾರದು ಎಂದು ಗೋಡೆಯ ಮೇಲಿತ್ತು, ಮುಚ್ಚಬಾರದು ಎಂದಿರಲಿಲ್ಲ. ನಾನು ಕುರ್ಚಿ ಹಿಡಿದೆ, ಅವರು ಹತ್ತಿ, ಹೆಜ್ಜೆಗುರುತಿನ ಆ ಟವೆಲನ್ನು ಗಾಜಿನ ಪೆಟ್ಟಿಗೆಯ ಮೇಲೆ ಹೊದಿಸಿದರು. ನಾನು ಅದರ ಅಂಚುಗಳನ್ನು ಎಳೆದು ಒಂದು ಸುಕ್ಕೂ ಇಲ್ಲದಂತೆ ಸರಿಮಾಡಿದೆ.

ತಾವು ತಲೆ ಒಳಗೆ ಹಾಕಿ ನೋಡಿದಿರಿ. ಹಕ್ಕಿ ಇರಲಿಲ್ಲ. ಅಷ್ಟೇ ಸಾಕು, ಮಾತಿಗೆ ಕಟ್ಟುಬಿದ್ದ ಮಹಾನುಭಾವರಾದ ತಾವು ನೇರ ಒಲೆಯ ಮುಂದೆ ಬಂದು, ಮೈ ಕೊಡವಿ, ನಾಲ್ಕು ಗೋಡೆಗೂ ಮಳೆ ಹಂಚಿ, ಕಾಲು ಚಾಚಿ ಮಲಗಿದಿರಿ.

ಜಗಲಿಯ ಮೇಲೆ ಅಮ್ಮ ಒಬ್ಬರೇ ಉಳಿದರು. ಅವರಿಗೂ ಒಳಗೆ ಬರಲು ಒಂದು ನೆಪ ಬೇಕಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ಒಳಗೆ ಬಂದು, ನನ್ನ ಕಡೆ ನೋಡದೆ, "ಅದನ್ನ ಹಾಗೇ ನೆನೆಸಿ ಬಿಟ್ಟಿದ್ದೀರಲ್ಲ, ಒರೆಸೋ ಟವೆಲ್ ಎಲ್ಲಿ?" ಎಂದರು. ನಾವು ಇಬ್ಬರೂ ನೆಲ ನೋಡಿದೆವು. ಅಮ್ಮ ಗೋಡೆ ನೋಡಿದರು. ಟವೆಲನ್ನೂ, ಅದರ ಕೆಳಗೆ ಇಣುಕುವ ಹಳದಿ ಕಾಲುಗಳನ್ನೂ ನಿಧಾನವಾಗಿ ನೋಡಿದರು. ಬಾಗಿಲಲ್ಲಿ ನಿಂತು ಜೀವಮಾನವೆಲ್ಲ ಸುಳ್ಳು ಕೇಳಿದವರು ಅವರು.

"ಗೋಡೆಗೆ ಚಳಿಯಾಗಿತ್ತಾ?" ಎಂದರು.

ಅಮ್ಮ ಒಳ್ಳೆಯ ಶಾಲೊಂದನ್ನು ಚೀಲದಿಂದ ತೆಗೆದು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ತಮ್ಮ ನಿಂತ ಕಿವಿ, ಮಲಗಿದ ಕಿವಿ ಎರಡನ್ನೂ ಒರೆಸಿದರು. ಅಲ್ಲಿಯವರೆಗೆ ಆಂಟಿ ಎನ್ನುತ್ತಿದ್ದ ತಮ್ಮ ಒಡತಿ, "ಅತ್ತೆ, ಶಾಲು ಹಾಳಾಗುತ್ತೆ" ಎಂದರು. ಅಮ್ಮ ಒರೆಸುವುದನ್ನು ನಿಲ್ಲಿಸದೆ ಹೇಳಿದರು: "ನಮ್ಮನೇಲಿ ಗೋಡೆ ಮೇಲೆ ಏನೂ ಇಲ್ಲ ಕಣಮ್ಮ. ಒಳಗೇ ಮಲಗ್ತಾನೆ ಬಿಡು."

ಹೀಗೆ ತಮ್ಮ ಕೃಪೆಯಿಂದ ನನ್ನ ಮದುವೆ ಗೊತ್ತಾಯಿತು. ಹೇಡಿತನವನ್ನು ಶಿಸ್ತೆಂದು ತೋರಿಸಿ ಇಷ್ಟು ದೂರ ಬಂದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಾಯಿ ಬಿಡದಿರುವುದನ್ನು ವಿನಯವೆಂದು ತೋರಿಸಿಕೊಂಡು ಬಂದ ನಾನು ತಮ್ಮನ್ನು ಬಯ್ಯುವ ಸ್ಥಿತಿಯಲ್ಲೂ ಇಲ್ಲ. ಆದ್ದರಿಂದ ಕೆಲವು ಕೋರಿಕೆಗಳನ್ನಷ್ಟೇ ಮುಂದಿಡುತ್ತೇನೆ. ಮದುವೆಯ ದಿನ ನಾಲ್ಕು ಜನರ ಮುಂದೆ ನಾನು ಮಾತಾಡಬೇಕಾದಾಗ ದಯವಿಟ್ಟು ಜೋರಾಗಿ ಬೊಗಳಿ ಆ ಕಷ್ಟ ತಪ್ಪಿಸಬೇಕು. ಇಸ್ತ್ರಿ ಮಾಡಿಟ್ಟ ಗಿರಾಕಿಗಳ ಬಟ್ಟೆಯ ಮೇಲೆ ಮಲಗುವುದಾದರೆ ಮೊದಲು ಕಾಲು ತೊಳೆದುಕೊಳ್ಳಬೇಕು. ಅಮ್ಮ ಕೆಲಸ ಮುಗಿಸಿ ಬಂದಾಗ ದಿನಕ್ಕೊಮ್ಮೆಯಾದರೂ ಅವರ "ಹೊರಗೆ" ಎಂಬ ಮಾತಿಗೆ ನಿಜವಾಗಿಯೇ ನಿಂತು ತೋರಿಸಬೇಕು, ಅವರಿಗೆ ಎಲ್ಲ ಗೊತ್ತಿದ್ದರೂ ಅದು ಅವರಿಗೆ ಬೇಕು. ಮತ್ತು ತಮ್ಮ ಒಡತಿ ನನ್ನ ಎರಡನೆಯ ಪೂರ್ತಿ ವಾಕ್ಯಕ್ಕಾಗಿ ಕಾಯುತ್ತಿದ್ದಾರೆಂದು ಕೇಳಿದ್ದೇನೆ. ಅದು ಏನಿರಬೇಕೆಂದು ತಮಗೆ ತಿಳಿದಿದ್ದರೆ ನನಗೂ ತಿಳಿಸಬೇಕು.

ನನ್ನ ಚಪ್ಪಲಿಯ ವಾಸನೆಯಿಂದಲಾದರೂ ನನ್ನನ್ನು ಗುರುತಿಸುವಿರೆಂಬ ಭರವಸೆಯಲ್ಲಿ,

ತಮ್ಮ ವಿಶ್ವಾಸಿ,
ಇಸ್ತ್ರಿ ಅಂಗಡಿಯವನು

ವಿ.ಸೂ.: ನಮ್ಮ ಮನೆಯಲ್ಲಿ ಬೆಳಗಿನ ಬಿಸಿಲು ಬೀಳುವುದು ಕಿಟಕಿಯ ಪಕ್ಕದ ಒಂದೇ ಮೂಲೆಗೆ, ಹುಟ್ಟಿದಾಗಿನಿಂದ ನಾನು ಮಲಗುತ್ತಿದ್ದ ಮೂಲೆ ಅದು. ಆ ಬಿಸಿಲು ಮೂಳೆಗೆ ಒಳ್ಳೆಯದು ಎಂದು ಅಮ್ಮ ನೆನ್ನೆ ಹೇಳಿದರು. ಯಾರ ಮೂಳೆಗೆ ಎಂದು ನಾನು ಕೇಳಲಿಲ್ಲ. ಈ ದಿನ ಬೆಳಿಗ್ಗೆ ಎದ್ದು, ನನ್ನ ಮಂಚವನ್ನು ನಾನೇ ಎಳೆದು ನೀರಿನ ಡ್ರಮ್ಮಿನ ಪಕ್ಕಕ್ಕೆ ಹಾಕಿ, ಆ ಮೂಲೆಯನ್ನು ಗುಡಿಸಿಟ್ಟಿದ್ದೇನೆ.